ಅಮೆರಿಕದ ಮಕ್ಕಳು ಅಂದರೆ ಹೀಗೇನಾ?

ಹತ್ತು ವರ್ಷ ಭಾನುವಾರದ ನಿದ್ದೆ ಬಿಟ್ಟು ಕನ್ನಡ ಕಲಿತಿದ್ದಕ್ಕೆ ಬಹುಮಾನ ಅಂತ, ಇವತ್ತು ಐದು ನಿಮಿಷ ನಿನಗೆ ಅನ್ನಿಸಿದ್ದು ಹೇಳು ಅಂದಿದ್ದಾರೆ ನಮ್ಮ ಟೀಚರ್. ನಾನು ಬಾಯಿ ಬಿಡುವ ಮೊದಲೇ ಜನ ನಾನು ಹೀಗೇ ಅಂತ ತೀರ್ಮಾನ ಮಾಡಿಬಿಡುವುದರ ಬಗ್ಗೆ ಹೇಳುತ್ತೇನೆ.

ಹೈಸ್ಕೂಲಿನಲ್ಲಿ ಗ್ರೂಪ್ ಪ್ರಾಜೆಕ್ಟ್ ಬಂದರೆ ಲೆಕ್ಕದ ಭಾಗ ಕೇಳದೆಯೇ ನನ್ನ ಪಾಲಿಗೆ ಬರುತ್ತದೆ. ನನಗೆ ಇಷ್ಟ ಇತಿಹಾಸ. ಒಮ್ಮೆ ಟ್ರಿಗನಾಮೆಟ್ರಿ ಅರ್ಥವಾಗದೆ ಸಹಾಯ ಕೇಳಿದಾಗ, "ನಿನಗೇನು, ಸುಲಭವಾಗಿ ಮಾಡ್ತೀಯ" ಎಂಬ ಉತ್ತರ ಸಿಕ್ಕಿತು. ಹೊಗಳಿಕೆ ಸಿಕ್ಕಿತು, ಸಹಾಯ ಸಿಗಲಿಲ್ಲ.

ಭಾರತೀಯರೆಲ್ಲ ಲೆಕ್ಕದಲ್ಲಿ ಜಾಣರು ಅನ್ನುವ ಮಾತು ಎಲ್ಲಿಂದ ಬಂತು? ಇತಿಹಾಸದಲ್ಲಿ ಇದಕ್ಕೆ ಉತ್ತರ ಇದೆ. 1946ರ ಕಾನೂನಿನ ಪ್ರಕಾರ ಭಾರತದಿಂದ ಇಲ್ಲಿಗೆ ವಲಸೆ ಬರಲು ವರ್ಷಕ್ಕೆ ಸುಮಾರು 100 ಜನರಿಗಷ್ಟೇ ಅವಕಾಶವಿತ್ತು. 1965ರಲ್ಲಿ ಕಾನೂನು ಬದಲಾದಾಗ ಕುಟುಂಬದವರ ಜೊತೆಗೆ ಡಾಕ್ಟರ್, ಎಂಜಿನಿಯರ್‌ಗಳಂಥವರಿಗೂ ದಾರಿ ತೆರೆಯಿತು. 1990ರಲ್ಲಿ ಎಚ್-1ಬಿ ವೀಸಾ ಬಂತು. ಜರಡಿ ಹಿಡಿದ ಹಿಟ್ಟನ್ನು ಮಾತ್ರ ನೋಡಿ, ಆ ಊರಿನ ಗೋಧಿಯಲ್ಲಿ ತವಡೇ ಇಲ್ಲ ಅಂದ ಹಾಗಾಯಿತು. 2019ರ ರಾಷ್ಟ್ರೀಯ ಸ್ಪೆಲಿಂಗ್ ಬೀ ಸ್ಪರ್ಧೆಯಲ್ಲಿ 8 ಮಕ್ಕಳು ಒಟ್ಟಿಗೆ ಗೆದ್ದರು, ಅವರಲ್ಲಿ 7 ಮಂದಿ ಭಾರತೀಯ ಮೂಲದವರು. ಅದು ಅವರ ರಕ್ತದಲ್ಲೇ ಇದೆ ಅನ್ನುವವರನ್ನು ನಾನು ನೋಡಿದ್ದೇನೆ. ಹಾಗಂದರೆ ಆ ಮಕ್ಕಳು ವರ್ಷಗಟ್ಟಲೆ ಕೂತು ಓದಿದ್ದು ಲೆಕ್ಕಕ್ಕೇ ಇಲ್ಲವೇ?

ಇಷ್ಟು ಹೇಳಿದರೆ ನೀವೆಲ್ಲ ತಲೆಯಾಡಿಸುತ್ತೀರಿ, ಗೊತ್ತು. ಮುಂದಿನದು ಸ್ವಲ್ಪ ಕಷ್ಟ, ಯಾಕೆಂದರೆ ಅದು ನಮ್ಮ ಮನೆಯೊಳಗಿನ ಮಾತು.

ಯುಗಾದಿ ಊಟದ ಸಾಲಿನಲ್ಲಿ ನಾನು ತಟ್ಟೆ ಹಿಡಿದು ನಿಂತರೆ, ಹಿಂದಿನ ಆಂಟಿಯ ಜೊತೆ ಕನ್ನಡದಲ್ಲಿ ಮಾತಾಡುತ್ತಿದ್ದವರು ನನ್ನ ಸರದಿ ಬಂದ ಕೂಡಲೇ ಇಂಗ್ಲಿಷಿಗೆ ಬದಲಾಗುತ್ತಾರೆ. "ಸ್ವಲ್ಪ ಕೋಸಂಬರಿ ಹಾಕಿ ಆಂಟಿ" ಅಂದರೆ, "ಅಯ್ಯೋ, ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತಾಳೆ!" ಅಂತ ಪಕ್ಕದವರಿಗೆ ಹೇಳುತ್ತಾರೆ, ಅದೂ ಇಂಗ್ಲಿಷಿನಲ್ಲಿ. ಕೋಸಂಬರಿ ಎಷ್ಟೋ ಸಲ ಮರೆತೇ ಹೋಗುತ್ತದೆ. ಪ್ರೀತಿಯಿಂದಲೇ ಹೇಳುತ್ತೀರಿ, ನನಗೆ ಗೊತ್ತು. ಆದರೆ ಇಲ್ಲಿ ಹುಟ್ಟಿದ ಮಕ್ಕಳಿಗೆ ಕನ್ನಡ ಬರುವುದಿಲ್ಲ ಅನ್ನುವುದು ಆ ಹೊಗಳಿಕೆಯ ಒಳಗೇ ಇದೆ. (ಬಡಿಸುವ ಸೌಟು ಯಾವಾಗಲೂ ಹುಡುಗಿಯರ ಕೈಗೆ, ಮೈಕಿನ ವೈರು ಹುಡುಗರ ಕೈಗೆ ಯಾಕೆ ಹೋಗುತ್ತದೆ ಅನ್ನುವುದು ಇನ್ನೊಂದು ಐದು ನಿಮಿಷದ ಭಾಷಣ.)

ಹಾಸನದಲ್ಲಿರುವ ನಮ್ಮ ಅಜ್ಜಿ ಒಂದು ದಿನವೂ ನನ್ನ ಕನ್ನಡವನ್ನು ಹೊಗಳಿಲ್ಲ. ಫೋನ್ ಮಾಡಿದರೆ, "ಏನೇ, ಊಟ ಆಯ್ತಾ? ಏನ್ ಸಾರು?" ಅಂತ ಶುರು ಮಾಡುತ್ತಾರೆ. ನಾನು ತಪ್ಪು ಹೇಳಿದರೆ ಸರಿಯಾದ ಪದ ಹೇಳಿ ಮುಂದಕ್ಕೆ ಹೋಗುತ್ತಾರೆ. ಅವರಿಗೆ ನಾನು ಅಮೆರಿಕದ ಮಗು ಅಲ್ಲ, ಮೊಮ್ಮಗಳು.

ನನ್ನ ತಮ್ಮನಿಗೆ ಒಂಬತ್ತು ವರ್ಷ. ಎರಡು ವರ್ಷದ ಹಿಂದೆ ಒಬ್ಬರ ಮನೆಯ ಪಾರ್ಟಿಯಲ್ಲಿ, "ಬೇಸಿಗೆ ರಜೆಗೆ ಹಲ್ಲಿಗೆ ಹೋಗ್ತೀವಿ" ಅಂದ. ಹಳ್ಳಿ ಹಲ್ಲಿಯಾಯಿತು. ಎಲ್ಲರೂ ನಕ್ಕರು. ಇನ್ನೊಂದು ಸಲ ಹೇಳು ಅಂತ ಹೇಳಿಸಿ ಮತ್ತೆ ನಕ್ಕರು. "ಅಮೆರಿಕದ ಮಕ್ಕಳು ಅಂದ್ರೆ ಹೀಗೇನೆ" ಅಂದರು. ಅವತ್ತಿನಿಂದ ದೊಡ್ಡವರು ಕನ್ನಡದಲ್ಲಿ ಕೇಳಿದರೆ ಅವನು ಇಂಗ್ಲಿಷಿನಲ್ಲೇ ಉತ್ತರಿಸುತ್ತಾನೆ. ಅವನಿಗೆ ಕನ್ನಡದಲ್ಲಿ ಆಸಕ್ತಿ ಇಲ್ಲ ಅಂತ ಈಗ ಅದೇ ಜನ ಹೇಳುತ್ತಾರೆ. ರಾತ್ರಿ ಲೈಟ್ ಆರಿಸಿದ ಮೇಲೆ ಅವನು ನನ್ನ ಜೊತೆ ಕನ್ನಡದಲ್ಲೇ ಮಾತಾಡುತ್ತಾನೆ. ಇದನ್ನು ಹೇಳಲು ಅವನ ಅನುಮತಿ ಕೇಳಿದ್ದೇನೆ.

ಟೀಚರ್‌ಗಳಿಗೆ, ಅಪ್ಪ ಅಮ್ಮಂದಿರಿಗೆ ನನ್ನ ಕೋರಿಕೆ ಇಷ್ಟೇ. ನಮ್ಮ ಜೊತೆ ಮೊದಲ ಮಾತನ್ನು ಕನ್ನಡದಲ್ಲಿ ಆಡಿ. ಉತ್ತರಕ್ಕೆ ಸ್ವಲ್ಪ ಕಾಯಿರಿ, ನಮಗೆ ಪದ ಹುಡುಕಲು ಸಮಯ ಬೇಕು. ತಪ್ಪಿದರೆ ತಿದ್ದಿ, ಖಂಡಿತ ತಿದ್ದಿ. ನಾವು ಏನು ಹೇಳಿದೆವೋ ಅದಕ್ಕೂ ಉತ್ತರ ಕೊಡಿ.

ನನ್ನ ನಂತರ ಚಿಕ್ಕ ಮಕ್ಕಳ ಕಥೆಗಳಿವೆ. ಮೂರನೆಯವನು ನನ್ನ ತಮ್ಮ.