ಡೀಸೆಲ್ ಟ್ಯಾಂಕು ಬಿಚ್ಚುವ ಮುನ್ನ
(ರೈತರ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಹಿರಿಯರು ಎತ್ತಿನ ಗಾಡಿಯ ಚಕ್ರ ಕಳಚಬೇಕಾದಾಗ ಏನು ಮಾಡುತ್ತಿದ್ದರೆಂಬುದನ್ನು ತಮ್ಮಲ್ಲಿ ಅನೇಕರು ಕಣ್ಣಾರೆ ಕಂಡಿದ್ದೀರಿ. ಮೊದಲು ಹೇರು ಇಳಿಸುತ್ತಿದ್ದರು. ಎತ್ತುಗಳನ್ನು ಬಿಚ್ಚಿ ಬೇರೆ ಕಟ್ಟುತ್ತಿದ್ದರು. ಅಚ್ಚಿನ ಕೆಳಗೆ ಭದ್ರವಾದ ದಿಮ್ಮಿ ಕೊಡುತ್ತಿದ್ದರು. ಕಡಾಣಿ ತೆಗೆಯುತ್ತಿದ್ದುದು ಇದೆಲ್ಲ ಆದ ಮೇಲೆ. ಹೇರು ಇಳಿಸದೆ ಕಡಾಣಿಗೆ ಕೈ ಹಾಕಿದವನನ್ನು ಕಂಡು ಊರೇ ನಗುತ್ತಿತ್ತು.

ಈಗ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಹಳ್ಳಿಗಳಲ್ಲಿ ಎತ್ತಿನ ಗಾಡಿಯ ಕೆಲಸವನ್ನು ಡೀಸೆಲ್ ಪಿಕಪ್ ಗಾಡಿ ಮಾಡುತ್ತಿದೆ. ಬೆಂಗಳೂರಿನ ಕೃಷ್ಣರಾಜ ಮಾರುಕಟ್ಟೆಗೆ ಹೂವು, ವಿಜಯಪುರಕ್ಕೆ ರೇಷ್ಮೆಗೂಡು, ಪೇಟೆಗೆ ತರಕಾರಿ ಎಲ್ಲವೂ ಅದರಲ್ಲೇ ಹೋಗುತ್ತವೆ. ಗಾಡಿ ಬದಲಾಯಿತು, ಹಿರಿಯರ ಕ್ರಮವನ್ನು ಮಾತ್ರ ನಾವು ಮರೆತೆವು. ತುಂಬಿದ ಡೀಸೆಲ್ ಟ್ಯಾಂಕನ್ನು ಹಾಗೆಯೇ ಬಿಚ್ಚಲು ಹೊರಡುವುದು ಹೇರು ಇಳಿಸದೆ ಕಡಾಣಿ ತೆಗೆದಂತೆ. ಈ ದಿನ ನಾನು ಹೇಳಬೇಕೆಂದಿರುವುದು ಇಷ್ಟೇ: ಟ್ಯಾಂಕು ಬಿಚ್ಚುವ ಕೆಲಸದಲ್ಲಿ ಮೊದಲು ಮಾಡಬೇಕಾದ್ದು ಬಿಚ್ಚುವುದಲ್ಲ, ಬರಿದು ಮಾಡುವುದು.

ಗಾಡಿ ಕೆಡುವುದು ಟ್ಯಾಂಕು ತುಂಬಿರುವಾಗಲೇ ಏಕೆ ಎಂದು ತಾವು ಕೇಳಬಹುದು. ನಸುಕಿನಲ್ಲಿ ಪೇಟೆಗೆ ಹೋಗಬೇಕೆಂದು ಹಿಂದಿನ ಸಂಜೆಯೇ ಪೂರ್ತಿ ತುಂಬಿಸಿರುತ್ತೇವೆ. ರಾತ್ರಿ ಹೂವು ಹೇರಿ ಚಾಲೂ ಮಾಡಿದರೆ ಎಂಜಿನ್ ಹಿಡಿಯುವುದಿಲ್ಲ. ಟ್ಯಾಂಕಿನೊಳಗಿನ ಪಂಪು ಕೆಟ್ಟಿರಬಹುದು, ನೀರು ಸೇರಿರಬಹುದು, ಕಸ ಕಟ್ಟಿರಬಹುದು. ಡೀಸೆಲ್ ಗಾಡಿಗೆ ತಪ್ಪಿ ಪೆಟ್ರೋಲ್ ಹಾಕಿಸಿರುವುದೂ ಉಂಟು. 2020ನೆಯ ಏಪ್ರಿಲ್ 1ರಿಂದ ಬಂದ ಭಾರತ್ ಸ್ಟೇಜ್ ಆರರ ಗಾಡಿಗಳಲ್ಲಿ ಕೆಲವಕ್ಕೆ ಹೊಗೆ ಶುದ್ಧಿಗಾಗಿ ಯೂರಿಯಾ ದ್ರಾವಣ ಹಾಕುವ ಬೇರೆ ಬಾಯಿ ಇರುತ್ತದೆ. ಆ ದ್ರಾವಣವನ್ನು ಅವಸರದಲ್ಲಿ ಡೀಸೆಲ್ ಟ್ಯಾಂಕಿಗೇ ಸುರಿದುಬಿಡುವುದುಂಟು.

ಇಂತಹ ಹೊತ್ತಿನಲ್ಲಿ ಮನಸ್ಸು ಅವಸರಪಡುತ್ತದೆ. ಹೂವು ಕಾಯುವುದಿಲ್ಲ, ನಿಜ. ಆದುದರಿಂದ ಮೊದಲು ಹೂವನ್ನು ನೆರೆಯವರ ಗಾಡಿಗೆ ಹೇರಿ ಕಳುಹಿಸಿ. ಹೇರು ಹೋದ ಮೇಲೆ ಅವಸರವೂ ಹೋಗುತ್ತದೆ. ಟ್ಯಾಂಕಿನ ಕೆಲಸವನ್ನು ಹಗಲು ಬೆಳಕಿನಲ್ಲಿ ನಿಧಾನವಾಗಿ ಮಾಡಬಹುದು.

ಇನ್ನು ತೂಕದ ಲೆಕ್ಕ ನೋಡೋಣ. ಒಂದು ಲೀಟರು ಡೀಸೆಲ್ ಸುಮಾರು 830 ಗ್ರಾಂ ತೂಗುತ್ತದೆ. 60 ಲೀಟರು ಹಿಡಿಯುವ ಟ್ಯಾಂಕು ತುಂಬಿದ್ದರೆ ಡೀಸೆಲ್ ಒಂದೇ 50 ಕಿಲೋ, ಅಂದರೆ ಒಂದು ಚೀಲ ಸಿಮೆಂಟು. ಅದರ ಮೇಲೆ ಟ್ಯಾಂಕಿನ ತೂಕ ಬೇರೆ. ಗಾಡಿಯ ಕೆಳಗೆ ಅಂಗಾತ ಮಲಗಿ ಪಟ್ಟಿಯ ಬೋಲ್ಟು ಬಿಚ್ಚುವವನ ಎದೆಯ ಮೇಲೆ ಈ ಭಾರ ತೂಗುತ್ತಿರುತ್ತದೆ. ಸಿಮೆಂಟು ಚೀಲವಾದರೆ ಇಟ್ಟಲ್ಲಿ ಇರುತ್ತದೆ. ಡೀಸೆಲ್ ಹಾಗಲ್ಲ. ಟ್ಯಾಂಕು ಬೆರಳಷ್ಟು ವಾಲಿದರೆ ಒಳಗಿನ ಎಣ್ಣೆಯೂ ಆ ಕಡೆಗೇ ಹರಿದು ಇನ್ನಷ್ಟು ವಾಲಿಸುತ್ತದೆ. ಅರ್ಧ ತುಂಬಿದ ಟ್ಯಾಂಕಿನಲ್ಲಿ ಈ ತುಳುಕಾಟ ಇನ್ನೂ ಹೆಚ್ಚು. ಆದುದರಿಂದ ಅರ್ಧ ತೆಗೆದರೆ ಸಾಕೆಂದು ನಿಲ್ಲಿಸಬೇಡಿ.

ಬಿಚ್ಚುವುದು ನಿಜವಾಗಿ ಅಗತ್ಯವೇ ಎಂಬುದನ್ನೂ ಮೊದಲೇ ನೋಡಿಕೊಳ್ಳಿ. ಫಿಲ್ಟರಿನ ತಳದಲ್ಲಿ ನೀರು ನಿಂತಿದ್ದರೆ ಅದನ್ನು ಬಿಟ್ಟರೇ ಸಾಕಾಗಬಹುದು. ಫಿಲ್ಟರು ಕಟ್ಟಿದ್ದರೆ ಹೊಸದು ಹಾಕಿದರೆ ಆಯಿತು. ಕೆಲವು ಗಾಡಿಗಳಲ್ಲಿ ಹಿಂದಿನ ತೊಟ್ಟಿಯನ್ನು ಸರಿಸಿ ಮೇಲಿನಿಂದಲೇ ಪಂಪು ತೆಗೆಯಲು ಬರುತ್ತದೆ. ಬಲ್ಲ ಮೆಕ್ಯಾನಿಕ್‌ನನ್ನು ಕೇಳದೆ ಪಾನಾ ಹಿಡಿಯಬೇಡಿ.

ಬರಿದು ಮಾಡುವ ಕ್ರಮ ಹೀಗೆ. ಗಾಡಿಯನ್ನು ಗಟ್ಟಿಯಾದ ಸಮನೆಲದ ಮೇಲೆ, ಬಯಲಿನಲ್ಲಿ ನಿಲ್ಲಿಸಿ. ಬಾವಿ, ಕಾಲುವೆ, ಕೊಟ್ಟಿಗೆ, ಒಲೆ ಇವೆಲ್ಲ ದೂರವಿರಲಿ. ಎಂಜಿನ್ ಆರಲಿ. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ. ಚಕ್ರಗಳಿಗೆ ಹಿಂದೆ ಮುಂದೆ ಅಡೆಗಲ್ಲು ಕೊಡಿ. ಎಣ್ಣೆಗೆಂದೇ ತಯಾರಾದ 20 ಲೀಟರಿನ ಶುದ್ಧವಾದ ಕ್ಯಾನುಗಳನ್ನು ನಾಲ್ಕಾದರೂ ಇಟ್ಟುಕೊಳ್ಳಿ. ಲೆಕ್ಕಕ್ಕೆ ಮೂರು ಸಾಕು, ಆದರೆ ಯಾವುದನ್ನೂ ಗಂಟಲುಮಟ್ಟ ತುಂಬಕೂಡದು. 60 ಲೀಟರು ಡೀಸೆಲ್ 15 ಡಿಗ್ರಿ ಬಿಸಿಯೇರಿದರೆ ಸುಮಾರು ಮುಕ್ಕಾಲು ಲೀಟರು ಹಿಗ್ಗುತ್ತದೆ. ಔಷಧ ಸಿಂಪಡಿಸಿದ ಹಳೆಯ ಕ್ಯಾನು, ಕುಡಿಯುವ ನೀರಿನ ಬಾಟಲಿ, ಸತುವಿನ ಲೇಪದ ತಗಡಿನ ಡಬ್ಬ ಇವು ಬೇಡ.

ಟ್ಯಾಂಕಿನ ತಳದಲ್ಲಿ ತಿರುಪು ಇದ್ದರೆ ಅಗಲವಾದ ಪಾತ್ರೆ ಇಟ್ಟು ಅದರಿಂದ ಬಿಡಬಹುದು. ಇಲ್ಲದಿದ್ದರೆ ಎಣ್ಣೆ ಎತ್ತುವ ಕೈಪಂಪು ತನ್ನಿ. ಬಾಯಿಂದ ಪೈಪು ಎಳೆಯುವ ಅಭ್ಯಾಸವನ್ನು ಈ ದಿನವೇ ಬಿಟ್ಟುಬಿಡಿ. ಒಂದು ಗುಟುಕು ಡೀಸೆಲ್ ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಅಪಾಯ. ಯಾರಾದರೂ ನುಂಗಿದ್ದರೆ ವಾಂತಿ ಮಾಡಿಸಬೇಡಿ. ವಾಂತಿಯ ಜೊತೆಗೆ ಎಣ್ಣೆ ಮತ್ತೆ ಶ್ವಾಸಕೋಶದ ದಾರಿ ಹಿಡಿಯುತ್ತದೆ. ತಡಮಾಡದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಒಯ್ಯಿರಿ.

ಪೆಟ್ರೋಲ್ ಬೆರೆತಿದೆ ಎಂಬ ಸಂಶಯ ಬಂದರೆ ಬೀಗದ ಕೈಯನ್ನೇ ತಿರುಗಿಸಕೂಡದು. ಅನೇಕ ಗಾಡಿಗಳಲ್ಲಿ ಕೈ ತಿರುಗಿಸಿದೊಡನೆ ಪಂಪು ಓಡಿ, ಬೆರಕೆ ಎಣ್ಣೆಯನ್ನು ಎಂಜಿನ್ನಿಗೆ ಕಳುಹಿಸುತ್ತದೆ. ಪಂಪಿಗೆ ಡೀಸೆಲೇ ಜಿಡ್ಡು. ಪೆಟ್ರೋಲಿಗೆ ಆ ಜಿಡ್ಡು ಇಲ್ಲದ್ದರಿಂದ ಒಳಗಿನ ಭಾಗಗಳು ಸವೆದುಹೋಗುತ್ತವೆ. ಅದಕ್ಕಿಂತ ದೊಡ್ಡ ಭಯ ಬೆಂಕಿಯದು. ಡೀಸೆಲ್ ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ ಎಂಬ ಧೈರ್ಯ ನಮಗಿದೆ. ಪೆಟ್ರೋಲ್ ಸೇರಿದ ಮೇಲೆ ಆ ಧೈರ್ಯ ಸಲ್ಲದು. ಅದರ ಆವಿ ಕಣ್ಣಿಗೆ ಕಾಣದೆ ನೆಲದ ಮೇಲೆ ಹರಿದು ದೂರದ ಕಿಡಿಯನ್ನೂ ಹುಡುಕಿಕೊಂಡು ಹೋಗುತ್ತದೆ. ಅಂತಹ ಟ್ಯಾಂಕನ್ನು ಮನೆಯ ಮುಂದೆ ಮುಟ್ಟಬೇಡಿ. ಗಾಡಿಯನ್ನು ಎಳೆಸಿಕೊಂಡು ಗ್ಯಾರೇಜಿಗೆ ಒಯ್ಯಿರಿ. ಡೀಸೆಲ್ ಒಂದೇ ಇದ್ದರೂ ಬೀಡಿ, ಸಿಗರೇಟು ಹತ್ತಿರ ಬರಬಾರದು. ಒಣ ಮರಳಿನ ಬಕೆಟ್ಟು ಪಕ್ಕದಲ್ಲಿರಲಿ. ಉರಿಯುವ ಎಣ್ಣೆಗೆ ನೀರು ಹೊಯ್ದರೆ ಬೆಂಕಿ ಹರಡುತ್ತದೆ.

ಬರಿದಾದ ಮೇಲೆ ಬಿಚ್ಚುವುದು. ಬರಿಯ ಜಾಕಿಯನ್ನು ನಂಬಿ ಗಾಡಿಯ ಕೆಳಗೆ ನುಸುಳಕೂಡದು. ಗಾಡಿಯನ್ನು ಎತ್ತಲೇಬೇಕಾದರೆ ಕಬ್ಬಿಣದ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಇಟ್ಟಿಗೆ, ಟೊಳ್ಳು ಸಿಮೆಂಟ್ ಬ್ಲಾಕು ಹೇಳದೆ ಕೇಳದೆ ಒಡೆಯುತ್ತವೆ. ಟ್ಯಾಂಕಿನ ಅಡಿಗೆ ಅಗಲವಾದ ಹಲಗೆ ಇಟ್ಟು, ಹಲಗೆಯ ಅಡಿಗೆ ಇನ್ನೊಂದು ಜಾಕಿ ಕೊಡಿ. ಎಣ್ಣೆ ಹೋಗುವ ಪೈಪು, ಮರಳಿ ಬರುವ ಪೈಪು, ಗಾಳಿಯ ಪೈಪು ಒಂದೊಂದಕ್ಕೂ ಬಣ್ಣದ ದಾರ ಕಟ್ಟಿ ಗುರುತಿಡಿ. ಆಮೇಲೆ ಕಳಚಿ ಬಾಯಿ ಮುಚ್ಚಿ. ಎರಡು ಪಟ್ಟಿಗಳ ಬೋಲ್ಟುಗಳನ್ನು ಸರದಿಯ ಮೇಲೆ ಸ್ವಲ್ಪ ಸ್ವಲ್ಪ ಸಡಿಲಿಸಿ. ನಾಲ್ಕು ಬೆರಳು ಇಳಿಸಿ ನಿಲ್ಲಿಸಿ, ಯಾವ ವೈರೂ ಎಳೆದುಕೊಂಡಿಲ್ಲವೆಂದು ನೋಡಿ, ಪೂರ್ತಿ ಇಳಿಸಿ. ಇದು ಇಬ್ಬರ ಕೆಲಸ. ಒಬ್ಬನೇ ಮಾಡತಕ್ಕದ್ದಲ್ಲ.

ಟ್ಯಾಂಕು ಸೋರುತ್ತಿದ್ದರೆ ನೇರವಾಗಿ ಬೆಸುಗೆ ಅಂಗಡಿಗೆ ಕೊಂಡೊಯ್ಯಬೇಡಿ. ಬರಿದಾದ ಟ್ಯಾಂಕಿನಲ್ಲಿ ಎಣ್ಣೆಯ ಆವಿ ಉಳಿದಿರುತ್ತದೆ. ಬೆಸುಗೆಯ ಬಿಸಿಗೆ ಅದು ಸಿಡಿದರೆ ಟ್ಯಾಂಕೇ ಬಾಂಬಿನಂತಾಗುತ್ತದೆ. ಹೊಸ ಟ್ಯಾಂಕಿನ ಬೆಲೆ ಮನುಷ್ಯನ ಜೀವಕ್ಕಿಂತ ಹೆಚ್ಚಿನದಲ್ಲ.

ತೆಗೆದ ಡೀಸೆಲಿನಲ್ಲಿ ಸ್ವಲ್ಪ ನೀರು ಮಾತ್ರ ಇದ್ದರೆ, ಒಂದು ರಾತ್ರಿ ಅಲುಗಿಸದೆ ಇಡಿ. ನೀರು ತಳಕ್ಕಿಳಿಯುತ್ತದೆ. ಮೇಲಿನ ತಿಳಿಯನ್ನು ಮೆಕ್ಯಾನಿಕ್‌ಗೆ ತೋರಿಸಿ, ಅವನು ಒಪ್ಪಿದರೆ ಶೋಧಿಸಿ ಬಳಸಬಹುದು. ಪೆಟ್ರೋಲ್ ಅಥವಾ ಯೂರಿಯಾ ದ್ರಾವಣ ಬೆರೆತದ್ದನ್ನು ಮತ್ತೆ ಗಾಡಿಗೆ ಹಾಕಬೇಡಿ, ಚರಂಡಿಗೂ ಚೆಲ್ಲಬೇಡಿ. ಗ್ಯಾರೇಜಿನ ಮೂಲಕ ಹಳೆಯ ಎಣ್ಣೆ ಕೊಳ್ಳುವ ಪರವಾನಗಿಯುಳ್ಳವರಿಗೆ ಕೊಡಿ. ನೆಲಕ್ಕೆ ಬಿದ್ದ ಎಣ್ಣೆಯ ಮೇಲೆ ಮರದ ಹೊಟ್ಟು ಅಥವಾ ಮರಳು ಹಾಕಿ ಬಳಿದು ತೆಗೆಯಿರಿ. ನಂದಿಬೆಟ್ಟದ ಕಡೆಯಿಂದ ಬರುವ ಅರ್ಕಾವತಿಯ ದಾರಿಯಲ್ಲಿ ನಮ್ಮ ಕೆರೆಗಳಿವೆ. ಸಾವಿರ ಅಡಿ ಕೊರೆದು ನೀರು ತೆಗೆಯುವ ಸೀಮೆ ನಮ್ಮದು. ಆ ನೀರಿಗೆ ನಾವೇ ಎಣ್ಣೆ ಬೆರೆಸಬಾರದು. ಅದೇ ಗಾಡಿಯಲ್ಲಿ ಹಿಪ್ಪುನೇರಳೆ ಸೊಪ್ಪು ತರುವವರು ತೊಟ್ಟಿಯನ್ನು ತೊಳೆದೇ ಹೇರಬೇಕು. ಡೀಸೆಲ್ ಸೋಂಕಿದ ಸೊಪ್ಪನ್ನು ಹುಳುವಿಗೆ ಹಾಕತಕ್ಕದ್ದಲ್ಲ.

ಟ್ಯಾಂಕನ್ನು ಮತ್ತೆ ಕೂರಿಸಿದ ಮೇಲೆ ಹತ್ತು ಲೀಟರು ಮಾತ್ರ ಹಾಕಿ, ಕೈಪಂಪು ಒತ್ತಿ ಗಾಳಿ ತೆಗೆದು, ಎಲ್ಲಿಯೂ ಒಸರುತ್ತಿಲ್ಲವೆಂದು ನೋಡಿ. ಮಿಕ್ಕದ್ದನ್ನು ತುಂಬುವುದು ಆ ಮೇಲೆ.

ಬಾಂಧವರೇ, ಇದರಲ್ಲಿ ಹೊಸ ವಿದ್ಯೆ ಏನೂ ಇಲ್ಲ. ಹೇರು ಇಳಿಸು, ದಿಮ್ಮಿ ಕೊಡು, ಆಮೇಲೆ ಕಡಾಣಿ ತೆಗೆ ಎಂದು ನಮ್ಮ ಅಜ್ಜಂದಿರು ಹೇಳಿದ್ದೇ ಇದು. ಮನೆಗೆ ಹೋಗಿ ಗಾಡಿ ಓಡಿಸುವ ಮಕ್ಕಳಿಗೂ ತಮ್ಮಂದಿರಿಗೂ ಈ ಮಾತು ತಿಳಿಸಿ.