ಹೃದಯಕ್ಕೂ ಸ್ವಲ್ಪ ಹೊತ್ತು ರಜೆ

ಬೆಂಗಳೂರಿನ ಹಳದಿ ಮೆಟ್ರೊದಲ್ಲಿ ಎಲೆಕ್ಟ್ರಾನಿಕ್ ಸಿಟಿ ದಾಟಿ ಹೋದರೆ ಕೊನೆಯ ನಿಲ್ದಾಣ ಬೊಮ್ಮಸಂದ್ರ. ಸುತ್ತೆಲ್ಲ ಕಾರ್ಖಾನೆಗಳು. ಅವುಗಳ ನಡುವೆಯೇ ನಾರಾಯಣ ಹೃದಯಾಲಯ ಆಸ್ಪತ್ರೆಯಿದೆ. ಅದನ್ನು ಕಟ್ಟಿದ ಡಾ. ದೇವಿ ಶೆಟ್ಟಿ ದಕ್ಷಿಣ ಕನ್ನಡದ ಕಿನ್ನಿಗೋಳಿಯವರು. ದಕ್ಷಿಣ ಆಫ್ರಿಕಾದಲ್ಲಿ ಕ್ರಿಸ್ಟಿಯಾನ್ ಬರ್ನಾರ್ಡ್ ಎಂಬ ವೈದ್ಯರು ಒಬ್ಬರ ಹೃದಯವನ್ನು ತೆಗೆದು ಇನ್ನೊಬ್ಬರಿಗೆ ಜೋಡಿಸಿದ ಸುದ್ದಿಯನ್ನು ಶಾಲೆಯಲ್ಲಿ ಮೇಷ್ಟ್ರು ಹೇಳಿದರಂತೆ. ಅದು 1967ರ ಸುದ್ದಿ. ತಾನೂ ಹೃದಯದ ಡಾಕ್ಟರಾಗಬೇಕು ಅಂತ ಹುಡುಗ ಆಗಲೇ ನಿರ್ಧರಿಸಿಬಿಟ್ಟ.

ಲಂಡನ್ನಿನಲ್ಲಿ ಪಳಗಿ 1989ರಲ್ಲಿ ಅವರು ಕಲ್ಕತ್ತೆಗೆ ಬಂದರು. ಅಲ್ಲಿ ಮದರ್ ತೆರೇಸಾ ಅವರ ಹೃದಯವನ್ನು ನೋಡಿಕೊಂಡ ವೈದ್ಯರಲ್ಲಿ ಇವರೂ ಒಬ್ಬರು. ಅದೇ ವರ್ಷ ಮದರ್‌ಗೆ ಹೃದಯಾಘಾತವಾಗಿ, ಪೇಸ್‌ಮೇಕರ್ ಹಾಕಿದ್ದರು. ಎದೆಯ ಚರ್ಮದಡಿ ಕೂರುವ ಪುಟ್ಟ ಬ್ಯಾಟರಿ ಪೆಟ್ಟಿಗೆ ಅದು. ಹೃದಯ ತಾಳ ತಪ್ಪಿದಾಗ ಸಣ್ಣ ವಿದ್ಯುತ್ ಕೊಟ್ಟು ಎಚ್ಚರಿಸುತ್ತದೆ. ಮದರ್ 1997ರವರೆಗೆ ಬದುಕಿದರು.

ಶೆಟ್ಟರು ನೀಲಿ ಮಗುವೊಂದನ್ನು ಪರೀಕ್ಷಿಸುವುದನ್ನು ಮದರ್ ಒಮ್ಮೆ ನಿಂತು ನೋಡಿದ್ದರಂತೆ. ಮಗು ನೀಲಿಯಾಗುವುದು ಹೇಗೆ? ಹೃದಯಕ್ಕೆ ನಾಲ್ಕು ಕೋಣೆ. ಬಲಗಡೆಯವು ರಕ್ತವನ್ನು ಶ್ವಾಸಕೋಶಕ್ಕೆ ಕಳಿಸಿದರೆ, ಅಲ್ಲಿ ಆಮ್ಲಜನಕ ತುಂಬಿಕೊಂಡು ಬಂದ ರಕ್ತವನ್ನು ಎಡಗಡೆಯವು ಮೈಗೆಲ್ಲ ಕಳಿಸುತ್ತವೆ. ನಡುವಿನ ಗೋಡೆಯಲ್ಲಿ ತೂತಿದ್ದು, ಶ್ವಾಸಕೋಶದ ದಾರಿಯೂ ಕಿರಿದಾಗಿದ್ದರೆ, ಆಮ್ಲಜನಕ ಸಿಗದ ಕಪ್ಪುಗೆಂಪು ರಕ್ತವೇ ಮೈಗೆ ನುಗ್ಗುತ್ತದೆ. ತುಟಿ, ಉಗುರು ನೀಲಿಯಾಗಿ ಕಾಣುತ್ತವೆ.

ತೂತು ಮುಚ್ಚಬೇಕು, ಸರಿ. ಆದರೆ ಕಾರ್ಖಾನೆಯಲ್ಲಿ ಕೆಲಸ ಮಾಡುವ ಯಾರನ್ನಾದರೂ ಕೇಳಿ, ಓಡುವ ಮೆಷಿನ್ ಬಿಚ್ಚಬಾರದು, ಮೊದಲು ಆಫ್ ಮಾಡು ಅನ್ನುತ್ತಾರೆ. ಹೃದಯ ಆಫ್ ಮಾಡಿದರೆ ಮಗುವಿನ ಗತಿ?

ಇಲ್ಲಿ ಬರುತ್ತದೆ ಹಾರ್ಟ್‌–ಲಂಗ್ ಯಂತ್ರ. ರಕ್ತವನ್ನು ಕೊಳವೆಯಲ್ಲಿ ಹೊರತಂದು, ಆಮ್ಲಜನಕ ಬೆರೆಸಿ, ಮತ್ತೆ ಮೈಯೊಳಗೆ ತಳ್ಳುತ್ತದೆ. ಪ್ಲಾಸ್ಟಿಕ್ ಕೊಳವೆಯ ಐಸ್‌ಕ್ಯಾಂಡಿಯನ್ನು ಕೆಳಗಿನಿಂದ ಬೆರಳಲ್ಲಿ ಒತ್ತುತ್ತಾ ಮೇಲೆ ತರುತ್ತೀರಲ್ಲ, ಇಂಥ ಹಲವು ಯಂತ್ರಗಳಲ್ಲಿ ಉರುಳೆಗಳು ಹಾಗೇ ಕೊಳವೆಯನ್ನು ಒತ್ತುತ್ತಾ ತಿರುಗುತ್ತವೆ. ಅಮೆರಿಕದ ಜಾನ್ ಗಿಬ್ಬನ್ ಇಂಥ ಯಂತ್ರವಿಟ್ಟುಕೊಂಡು ಮೊದಲ ಸಲ ಯಶಸ್ವಿಯಾಗಿ ಹೃದಯದ ತೂತು ಮುಚ್ಚಿದ್ದು 1953ರ ಮೇ 6ರಂದು. ಶೆಟ್ಟರು ಹುಟ್ಟಿದ್ದು ಎರಡೇ ದಿನದ ನಂತರ, ಮೇ 8ಕ್ಕೆ! ಕಾಕತಾಳೀಯವೇ, ಆದರೂ ನನಗೆ ಹೇಳದೆ ಇರಲಾಗಲಿಲ್ಲ.

ಇನ್ನು ಹೃದಯ ನಿಲ್ಲಿಸುವುದು. ಅದಕ್ಕೆ ಪೊಟ್ಯಾಸಿಯಂ ಹೆಚ್ಚಿರುವ ತಣ್ಣನೆಯ ದ್ರಾವಣ ಹರಿಸುತ್ತಾರೆ. ಹೃದಯದ ವಿದ್ಯುತ್ ಆಟ ನಿಂತು, ಅದು ಸಡಿಲವಾಗಿ ಮಲಗುತ್ತದೆ. ಎಳನೀರಿನಲ್ಲೂ ಇರುವುದು ಇದೇ ಪೊಟ್ಯಾಸಿಯಂ. ಹೆದರಬೇಡಿ, ಧಾರಾಳವಾಗಿ ಕುಡಿಯಿರಿ. ಹೆಚ್ಚಾದದ್ದನ್ನು ಆರೋಗ್ಯವಾಗಿರುವ ಮೂತ್ರಪಿಂಡ ಹೊರಹಾಕುತ್ತದೆ. ಹೊಲಿಗೆ ಮುಗಿದ ಮೇಲೆ ಬೆಚ್ಚಗಿನ ರಕ್ತ ಹರಿದು ಪೊಟ್ಯಾಸಿಯಂ ತೊಳೆದುಹೋಗುತ್ತದೆ. ಹೃದಯ ಒಮ್ಮೆ ನಡುಗಿ, ಲಬ್–ಡಬ್ ಶುರು. ಕೆಲವೊಮ್ಮೆ ಸಣ್ಣ ಶಾಕ್ ಬೇಕಾಗುತ್ತದೆ.

ಹೆಸರು ಬರುವುದು ಸರ್ಜನ್‌ಗೆ. ಅಷ್ಟು ಹೊತ್ತೂ ಯಂತ್ರದ ಪಕ್ಕದಿಂದ ಕದಲದೆ ಕೂತವರನ್ನು ಪರ್ಫ್ಯೂಷನಿಸ್ಟ್ ಅನ್ನುತ್ತಾರೆ. ಆ ಹೆಸರೂ ಗೊತ್ತಿರಲಿ.

ಈಗ ಎರಡು ಬೆರಳನ್ನು ಮಣಿಕಟ್ಟಿನ ಮೇಲಿಡಿ. ಹೆಬ್ಬೆರಳು ಬೇಡ, ಅದರದೇ ಬಡಿತ ತಿಳಿದು ಲೆಕ್ಕ ತಪ್ಪುತ್ತದೆ. ಅರ್ಧ ನಿಮಿಷ ಎಣಿಸಿ, ಎರಡರಿಂದ ಗುಣಿಸಿ. ಅಮ್ಮನದನ್ನೂ ಎಣಿಸಿ. ಅವರದು ಕಡಿಮೆ ಬಂದರೆ ಗಾಬರಿ ಬೇಡ. ಮಕ್ಕಳ ಹೃದಯ ದೊಡ್ಡವರದಕ್ಕಿಂತ ಬೇಗ ಬಡಿಯುತ್ತದೆ.