ಗುಡ್ಡೆಯ ಮರ ಮಾರುವ ಮೊದಲು

(ಕಲಿಕಾ ಕೇಂದ್ರದಲ್ಲಿ ಮಾಡಿದ ಮಾತು)



ಮಳೆ ನಿಂತು ಅಡಿಕೆ ಕೊಯ್ಲು ಶುರುವಾಗುವ ಹೊತ್ತಿಗೆ ನಮ್ಮ ಕಾಸರಗೋಡಿನ ಕಡೆ ಮರದ ವ್ಯಾಪಾರಿಗಳು ಮನೆ ಮನೆಗೆ ಬರುತ್ತಾರೆ. ಅಂಗಳದಲ್ಲಿ ಕೂತು, ಬೆಲ್ಲ ನೀರು ಕುಡಿದು, ಗುಡ್ಡೆಯ ಕಡೆ ಕಣ್ಣು ಹಾಯಿಸಿ, "ಆ ಸಾಗುವಾನಿ ಕೊಡ್ತೀರಾ?" ಅಂತ ಕೇಳುತ್ತಾರೆ. ನಾವು ಕೊಡುವುದು ಹೆಚ್ಚಾಗಿ ಕಷ್ಟ ಬಂದಾಗ. ಮಗಳ ಮದುವೆ, ಮನೆಯ ಮಾಡು, ಆಸ್ಪತ್ರೆ ಖರ್ಚು. ಅವಸರದಲ್ಲಿ ಇರುವವನ ಮರಕ್ಕೆ ಯಾವಾಗಲೂ ಬೆಲೆ ಕಡಿಮೆ.

ನಮ್ಮ ಮನೆಯ ಸಂಗತಿಯನ್ನೇ ಹೇಳುತ್ತೇನೆ. ನಾನು ಹೈಸ್ಕೂಲಿನಲ್ಲಿ ಇದ್ದಾಗ ಅಪ್ಪ ಎರಡು ಸಾಗುವಾನಿ, ಒಂದು ಹಲಸು ಮಾರಿದರು. ಒಟ್ಟಿಗೆ ಇಷ್ಟು ರೂಪಾಯಿ ಅಂತ ಬಾಯಿಮಾತು. ವ್ಯಾಪಾರಿ ಒಂದು ಮುದ್ರೆ ಕಾಗದ ತಂದ. ಬರೆದದ್ದು ಮಲಯಾಳದಲ್ಲಿ. ಅಪ್ಪನಿಗೆ ಯಾವ ಲಿಪಿಯೂ ಓದಲು ಬರುತ್ತಿರಲಿಲ್ಲ. "ಓದು ಮಗಾ" ಅಂದರು. ನನಗೆ ಕನ್ನಡ ಮಾತ್ರ ಬರುತ್ತಿತ್ತು. ಆದರೆ ಬರುವುದಿಲ್ಲ ಅನ್ನಲು ನಾಚಿಕೆ. "ಸರಿ ಉಂಟು" ಅಂದೆ. ಅಪ್ಪ ಹೆಬ್ಬೆಟ್ಟು ಒತ್ತಿದರು. ನಾಲ್ಕು ದಿನ ಬಿಟ್ಟು ನೋಡಿದರೆ ಮೂರು ಮರದ ಜೊತೆಗೆ ಎರಡು ಮತ್ತಿ ಮರವೂ ನೆಲದಲ್ಲಿ. ಕಾಗದದಲ್ಲಿ "ಬಡಗು ಬದಿಯ ಮರಗಳು" ಅಂತ ಇತ್ತಂತೆ, ಲೆಕ್ಕ ಇರಲಿಲ್ಲ. ಅಪ್ಪ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಅಂತ ಈಗಲೂ ಅನಿಸುತ್ತದೆ.

ಅದಕ್ಕೆ ಇವತ್ತು ನಿಮ್ಮೊಡನೆ ಮರದ ವಿಷಯ ಮಾತಾಡಲು ಒಪ್ಪಿದೆ.

ಮೊದಲು ಜಾಗ ಯಾವುದು ಅಂತ ನೋಡಿ. ಬಾಯಲ್ಲಿ ನಾವು ಎಲ್ಲವನ್ನೂ "ನಮ್ಮ ಗುಡ್ಡೆ" ಅನ್ನುತ್ತೇವೆ. ಕಾಗದದಲ್ಲಿ ಹಾಗೆ ಇರುವುದಿಲ್ಲ. ಕುಮ್ಕಿ ಅಂದರೆ ನಮ್ಮ ವರ್ಗ ಜಾಗಕ್ಕೆ ತಾಗಿದ ಸರಕಾರಿ ಜಾಗ. ಸೊಪ್ಪು ಸೌದೆ ತೆಗೆಯುವ ಸೌಕರ್ಯ ಹಿರಿಯರ ಕಾಲದಿಂದ ಉಂಟು. ಅಲ್ಲಿನ ಮರ ಮಾರುವ ಹಕ್ಕು ನಮಗಿಲ್ಲ. ದೊಡ್ಡ ಖಾಸಗಿ ಕಾಡುಗಳು 1971ರ ಕಾನೂನಿನಿಂದ ಸರಕಾರಕ್ಕೆ ಹೋದವು. ಉಳಿದದ್ದು ಪಟ್ಟೆ ಜಾಗದ ಮರ. ಅದರಲ್ಲಿಯೂ ಎರಡು ಬಗೆ. ಭೂಸುಧಾರಣೆಯಲ್ಲಿ ಗೇಣಿಯ ಜಾಗಕ್ಕೆ ಲ್ಯಾಂಡ್ ಟ್ರಿಬ್ಯೂನಲ್ ಕೊಟ್ಟ ಪಟ್ಟೆ ಒಂದು. ಸರಕಾರಿ ಜಾಗವನ್ನು ಮಂಜೂರು ಮಾಡಿ ಕೊಟ್ಟ ಪಟ್ಟೆ ಇನ್ನೊಂದು. ಈ ಎರಡನೆಯದರಲ್ಲಿ ಸಾಗುವಾನಿ, ಬೀಟೆಯಂಥ ಮರಗಳು ಸರಕಾರದವು ಅಂತ ಷರತ್ತು ಇರುತ್ತದೆ. ಜಾಗ ನಿಮ್ಮದು, ತೀರ್ವೆ ಕಟ್ಟುವವರು ನೀವು, ಆದರೂ ಮರ ನಿಮ್ಮದಲ್ಲ.

ಇದು ಬರೀ ಪುಸ್ತಕದ ಮಾತಲ್ಲ. ವಯನಾಡಿನ ಮುಟ್ಟಿಲ್‌ನಲ್ಲಿ ಆದದ್ದನ್ನು ಪೇಪರಿನಲ್ಲಿ ಕೇಳಿರಬಹುದು. ಮಂಜೂರಾತಿ ಜಾಗದ ಮರಗಳ ಬಗ್ಗೆ 2020ರ ಅಕ್ಟೋಬರಿನಲ್ಲಿ ಸರಕಾರದ ಒಂದು ಆದೇಶ ಬಂತು. ಅದರ ಹೆಸರು ಹೇಳಿ, ಆದಿವಾಸಿಗಳ, ಸಣ್ಣ ರೈತರ ಜಾಗದಲ್ಲಿದ್ದ ಹಳೆಯ ಬೀಟೆ ಮರಗಳನ್ನು ಕಡಿದು ಸಾಗಿಸಿದರು. "ಪರ್ಮಿಶನ್ ಎಲ್ಲ ನಾವು ನೋಡಿಕೊಳ್ಳುತ್ತೇವೆ" ಅನ್ನುವ ಮಾತು ನಂಬಿ ಜನ ಸಹಿ ಹಾಕಿದರು. 2021ರ ಫೆಬ್ರವರಿಯಲ್ಲಿ ಆದೇಶ ರದ್ದಾಯಿತು, ಕೇಸು ಬಂತು. ವ್ಯಾಪಾರ ಮಾಡಿದವರ ಮೇಲೆ ಮಾತ್ರ ಅಲ್ಲ, ಜಾಗದವರಿಗೂ ದಂಡದ ನೋಟೀಸು ಬಂತು. ಮರದ ನಿಜವಾದ ಬೆಲೆಯಲ್ಲಿ ಅವರ ಕೈಗೆ ಸಿಕ್ಕಿದ್ದೇ ಅಲ್ಪ. ಹಾಗಾಗಿ ಪಟ್ಟೆ, ಆಧಾರ, ತೀರ್ವೆ ರಶೀದಿ ಹಿಡಿದುಕೊಂಡು ವಿಲೇಜ್ ಆಫೀಸಿಗೆ ನೀವೇ ಹೋಗಿ ಕೇಳಿ. ವ್ಯಾಪಾರಿಯನ್ನು ಕಳುಹಿಸಬೇಡಿ.

ಇನ್ನು ಕಾನೂನು. ಕೇರಳದಲ್ಲಿ ಕಾಡಲ್ಲದ ಜಾಗದ ಮರಗಳಿಗೆ 2005ರ ಕಾಯ್ದೆ ಉಂಟು. ನಮ್ಮ ಸ್ವಂತ ಜಾಗದ ಹೆಚ್ಚಿನ ಮರಗಳನ್ನು ನಾವು ಕಡಿಯಬಹುದು. ಆದರೆ ಸಾಗುವಾನಿ, ಬೀಟೆ ಮುಂತಾದ ಕೆಲವು ಜಾತಿಗಳಿಗೆ ಮೊದಲೇ ಅರಣ್ಯ ಇಲಾಖೆಗೆ ಬರೆದು ತಿಳಿಸಬೇಕು, ಸಾಗಿಸಲು ಪಾಸು ಬೇಕು. ಗಂಧದ ಮರವನ್ನು ನಾವಾಗಿ ಮುಟ್ಟುವ ಹಾಗಿಲ್ಲ, ಅದು ಇಲಾಖೆಯ ಮೂಲಕವೇ ಆಗಬೇಕು. ಮರ ಗಡಿ ದಾಟಿ ಪುತ್ತೂರು, ಸುಳ್ಯದ ಮಿಲ್ಲಿಗೆ ಹೋಗುವುದಿದ್ದರೆ ಪಾಸಿನ ಬಗ್ಗೆ ರೇಂಜ್ ಆಫೀಸಿನಲ್ಲಿ ಮೊದಲೇ ವಿಚಾರಿಸಿ.

ಅರ್ಜಿ ಮಲಯಾಳದಲ್ಲೇ ಬರೆಯಬೇಕಾ ಅಂತ ಕಳೆದ ಸಲ ಒಬ್ಬರು ಅಕ್ಕ ಕೇಳಿದ್ದರು. ಬೇಡ. ಭಾಷಾ ಅಲ್ಪಸಂಖ್ಯಾತರಾದ ನಾವು ನಮ್ಮ ಊರಿನ ಸರಕಾರಿ ಆಫೀಸುಗಳಿಗೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲಿ ಬರಬೇಕು ಅಂತ ಕೇರಳದ ಭಾಷಾ ಕಾನೂನಿನಲ್ಲೇ ಉಂಟು. ಕೌಂಟರಿನಲ್ಲಿ ಮುಖ ಸಿಂಡರಿಸಬಹುದು, ಸಿಂಡರಿಸಲಿ. ನೀವು ಕಲಿತ ಅಕ್ಷರ ಅಲ್ಲಿ ಕೆಲಸಕ್ಕೆ ಬರದಿದ್ದರೆ ಇನ್ನೆಲ್ಲಿ ಬರುವುದು?

ಈಗ ಅಳತೆ. ಇದನ್ನು ಸ್ವಲ್ಪ ನಿಧಾನವಾಗಿ ಓದಿ, ಪೆನ್ಸಿಲು ಹಿಡಿದುಕೊಳ್ಳಿ. ದಿಮ್ಮಿಯ ನಡುಭಾಗದಲ್ಲಿ ಟೇಪು ಸುತ್ತಿ ಇಂಚಿನಲ್ಲಿ ಸುತ್ತಳತೆ ತೆಗೆಯಬೇಕು. ಅದನ್ನು 4ರಿಂದ ಭಾಗಿಸಿ. ಬಂದ ಸಂಖ್ಯೆಯನ್ನು ಅದರಿಂದಲೇ ಗುಣಿಸಿ. ಅದನ್ನು ಅಡಿಯ ಉದ್ದದಿಂದ ಗುಣಿಸಿ, 144ರಿಂದ ಭಾಗಿಸಿ. ಸಿಕ್ಕಿದ್ದು ಸಿಎಫ್‌ಟಿ, ಅಂದರೆ ಘನ ಅಡಿ. ಸುತ್ತಳತೆ 48 ಇಂಚು, ಉದ್ದ 10 ಅಡಿ ಅಂತ ಇಟ್ಟುಕೊಳ್ಳಿ. 48ರ ಕಾಲು ಭಾಗ 12. 12 ಗುಣಿಲೆ 12, 144. ಗುಣಿಲೆ 10, 1440. ಭಾಗಿಸಿದರೆ 10 ಸಿಎಫ್‌ಟಿ.

ಅದೇ ದಿಮ್ಮಿಯನ್ನು ತುದಿಯ ಸಪೂರ ಕಡೆ ಅಳೆದು 44 ಇಂಚು ಅಂದರೆ? ಕಾಲು ಭಾಗ 11. ಲೆಕ್ಕ ಮಾಡಿದರೆ ಹೆಚ್ಚುಕಡಿಮೆ 8.4 ಸಿಎಫ್‌ಟಿ. ನಾಲ್ಕೇ ಇಂಚು ಜಾರಿದ್ದಕ್ಕೆ ಹತ್ತರಲ್ಲಿ ಒಂದೂವರೆ ಪಾಲಿಗಿಂತ ಹೆಚ್ಚು ಹೋಯಿತು. ಇನ್ನೊಂದು ಮಾತು: ಈ ಕಾಲುಭಾಗದ ಲೆಕ್ಕವೇ ಕೊಳ್ಳುವವನ ಕಡೆಗೆ ವಾಲಿದ್ದು. ಉರುಟು ದಿಮ್ಮಿಯಲ್ಲಿ ನಿಜವಾಗಿ 10 ಅಲ್ಲ, ಸುಮಾರು 12.7 ಘನ ಅಡಿ ಇರುತ್ತದೆ. ಮಿಲ್ಲಿನಲ್ಲಿ ಕೊಯ್ಯುವಾಗ ಹೊರಗಿನ ಚಕ್ಕೆ ಹೋಗುತ್ತದೆ ಅಂತ ಮೊದಲೇ ಕಳೆದಾಗಿದೆ. ಆದ್ದರಿಂದ "ಚಕ್ಕೆಗೆ ಬಿಡಬೇಕು" ಅಂತ ವ್ಯಾಪಾರಿ ಮತ್ತೆ ಕಳೆಯಲು ಹೊರಟರೆ ಒಪ್ಪಬೇಡಿ. ಟೊಳ್ಳು ಇದ್ದರೆ ಕಳೆಯುವುದು ನ್ಯಾಯ. ಅದನ್ನು ಕಣ್ಣಾರೆ ನೋಡಿ ಕಳೆಯಿರಿ.

ಕನಿಷ್ಠ ಮೂರು ವ್ಯಾಪಾರಿಗಳ ಹತ್ತಿರ ರೇಟು ಕೇಳಿ. ಮಿಲ್ಲಿಗೆ ಹೋಗಿ ಸಹ ಕೇಳಿ. ಮಾರುವ ಮರಗಳಿಗೆ ಬಣ್ಣದಲ್ಲಿ 1, 2, 3 ಅಂತ ನಂಬ್ರ ಹಾಕಿ, ಅದೇ ನಂಬ್ರವನ್ನು ಕರಾರಿನಲ್ಲಿ ಬರೆಸಿ. ನಂಬ್ರ ಇಲ್ಲದ ಮರಕ್ಕೆ ಕತ್ತಿ ತಾಗಬಾರದು. ಮರ ಬಿದ್ದು ಅಡಿಕೆ ಗಿಡ ಮುರಿದರೆ, ಕರಿಮೆಣಸಿನ ಬಳ್ಳಿ ಹೋದರೆ ಯಾರು ಕೊಡಬೇಕು, ಕೆಲಸದವರಿಗೆ ಪೆಟ್ಟಾದರೆ ಯಾರ ಜವಾಬ್ದಾರಿ, ಗೆಲ್ಲು ಸೌದೆ ಯಾರಿಗೆ, ಇದೂ ಬರೆಯಲಿ. ಬಾಕಿ ಹಣ ಕೈಗೆ ಬಂದ ಮೇಲೆ ಲಾರಿ ಹೊರಡಲಿ. ಕಾಗದ ಮಲಯಾಳದಲ್ಲಿದ್ದರೆ ಓದಲು ಬರುವ ಒಬ್ಬರನ್ನು ಕರೆದುಕೊಂಡು ಬನ್ನಿ. ಬರುವುದಿಲ್ಲ ಅನ್ನಲು ನಾಚಬೇಡಿ.

ಎಲ್ಲವನ್ನೂ ಒಮ್ಮೆಗೇ ಮಾರಬೇಡಿ ಅಂತ ನನ್ನ ಅಭಿಪ್ರಾಯ. ತೋಡಿನ ಬದಿಯ ಮರ, ಸುರಂಗದ ಮೇಲಿನ ಗುಡ್ಡೆಯ ಮರ ಇರಲಿ. ಬೋಳು ಮಾಡಿದ ಇಳಿಜಾರಿನ ಮಣ್ಣು ಆಟಿಯ ಮಳೆಗೆ ತೋಟಕ್ಕೇ ಬರುತ್ತದೆ. ಒಳ್ಳೆ ಬೀಜ ಕೊಡುವ ಒಂದೆರಡು ಹಳೆಯ ಮರ ಬಿಟ್ಟರೆ ಅಡಿಯಲ್ಲಿ ಸಸಿ ತಾನಾಗಿ ಏಳುತ್ತದೆ. ಸಾಗುವಾನಿಯ ಬುಡದಿಂದ ಪುನಃ ಚಿಗುರು ಬರುತ್ತದೆ. ಗಟ್ಟಿಯಾದ ಒಂದನ್ನು ಉಳಿಸಿ ಬಾಕಿಯದನ್ನು ಸವರಿದರೆ ಹೊಸ ಗಿಡ ನೆಟ್ಟ ಹಾಗೆಯೇ. ನಾಗಬನದ ಮರದ ಬಗ್ಗೆ ನಿಮಗೆ ನಾನು ಹೇಳಬೇಕಾಗಿಲ್ಲ.

ಮುಂದಿನ ಆದಿತ್ಯವಾರ ಬರುವಾಗ ಹೊಲಿಗೆಯ ಟೇಪು ಇದ್ದವರು ತನ್ನಿ. ಕೇಂದ್ರದ ಹಿಂದೆ ಗಾಳಿಗೆ ಬಿದ್ದ ಹಲಸಿನ ಮರ ಉಂಟಲ್ಲ, ಅದನ್ನು ಅಳೆಯೋಣ. ಲೆಕ್ಕ ನೀವೇ ಮಾಡಬೇಕು.